ಬರಿಗಾಲಿನ ಜಾದೂಗಾರ ಅಹ್ಮದ್ ಖಾನ್

ಕಕ್ಕಡದ ಮಳೆ ಹಿಡಿಯಿತೆಂದರೆ ಹಾರಂಗಿಯ ಸುತ್ತಮುತ್ತ ನೆಲವೆಲ್ಲ ನೀರಾಗಿಬಿಡುತ್ತದೆ. ಅಣೆಕಟ್ಟೆಯ ಬಾಗಿಲುಗಳಿಂದ ಹೊಮ್ಮಿದ ಕೆಂಪು ನೀರು ಕೂಡಿಗೆಯ ಬಳಿ ಕಾವೇರಿಯನ್ನು ಕೂಡಿಕೊಳ್ಳಲು ಆತುರದಿಂದ ಹರಿಯುತ್ತದೆ. ಉತ್ತು ಹದಮಾಡಿದ ಗದ್ದೆಗೆ ಪೈರು ಇಳಿಯುವ ಮುನ್ನ ಊರಿನ ಹುಡುಗರು ಇಳಿಯುತ್ತಾರೆ. ಚಪ್ಪಲಿ, ಬೂಟುಗಳೆಲ್ಲ ಬದುವಿನ ಮೇಲೆ ಸಾಲಾಗಿ ಕುಳಿತಿರುತ್ತವೆ. ಗದ್ದೆಯೊಳಗಿರುವುದು ಕೆಸರು, ಬರಿಗಾಲು ಮತ್ತು ಒಂದು ಚೆಂಡು. ಜಾರಿ ಬಿದ್ದವರನ್ನು ಕಂಡು ಸುತ್ತ ನಿಂತವರು ನಗುತ್ತಾರೆ. ಆ ಗದ್ದಲದ ನಡುವೆ ಯಾವನೋ ಒಬ್ಬ ಹುಡುಗ ಕಾಲ್ಬೆರಳ ತುದಿಯಿಂದ ಚೆಂಡನ್ನು ಮೆಲ್ಲನೆ ಎತ್ತಿ, ಎದುರಾಳಿಯನ್ನು ಒಂದು ಕಡೆಗೆ ವಾಲಿಸಿ, ತಾನು ಇನ್ನೊಂದು ಕಡೆಗೆ ಸಾಗಿಬಿಟ್ಟನೆಂದರೆ ನಗೆ ತಟ್ಟನೆ ನಿಂತು ಎಲ್ಲರ ಬಾಯಿಂದಲೂ ‘ಭಲೆ!’ ಎಂಬ ಉದ್ಗಾರ ಹೊರಡುತ್ತದೆ.

ಕೊಡಗು ಹಾಕಿಯ ನಾಡೆಂಬುದು ಎಲ್ಲರೂ ಬಲ್ಲ ಮಾತು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬ ಇಂದು ಲೋಕಪ್ರಸಿದ್ಧವಾಗಿದೆ. ಆದರೂ ಈ ಮಣ್ಣಿನ ಕಾಲು ಚೆಂಡನ್ನು ಮರೆತಿಲ್ಲ. 1973ರಲ್ಲಿ ಆಂಸ್ಟೆಲ್ವೀನಿನ ವಿಶ್ವಕಪ್ ಹಾಕಿಯಲ್ಲಿ ಭಾರತ ತಂಡದ ನಾಯಕರಾಗಿದ್ದ ಎಂ. ಪಿ. ಗಣೇಶ್ ಅವರು ಮೊದಲು ಕೊಡಗಿನ ಪರವಾಗಿ ಆಡಿದುದು ಫುಟ್‌ಬಾಲನ್ನು. ಸೇನೆಗೆ ಸೇರಿದ ಮೇಲೆಯೇ ಅವರ ಕೈಗೆ ಹಾಕಿಯ ಕೋಲು ಬಂದುದು.

ಕೆಸರುಗದ್ದೆಯ ಆ ಹುಡುಗನ ಬರಿಗಾಲನ್ನು ಕಂಡಾಗ ನೆನಪಾಗುವುದು ಕನ್ನಡ ನಾಡಿನ ಇನ್ನೊಂದು ಬರಿಗಾಲು. ಅದು ಬೆಂಗಳೂರಿನ ಬಯಲಿನಲ್ಲಿ ಆಟ ಕಲಿತು, ಕಲಕತ್ತೆಯ ಲಕ್ಷಾಂತರ ಜನರನ್ನು ಮರುಳುಗೊಳಿಸಿ, ಎರಡು ಒಲಿಂಪಿಕ್ ಕ್ರೀಡಾಕೂಟಗಳ ಹುಲ್ಲನ್ನು ಮೆಟ್ಟಿ ಬಂದ ಕಾಲು. ಅದರ ಒಡೆಯರು ಅಹ್ಮದ್ ಖಾನ್. ‘ಹಾವಾಡಿಗ’ನೆಂದು ಅವರನ್ನು ಕರೆಯುತ್ತಿದ್ದರು. ಪುಂಗಿಯ ಮುಂದೆ ಹಾವು ತೂಗಾಡುವಂತೆ ಅವರ ಮುಂದೆ ಎದುರಾಳಿಗಳು ತೂಗಾಡುತ್ತಿದ್ದರೆಂಬುದೇ ಆ ಹೆಸರಿನ ಅರ್ಥ.

ದಂಡು ಪ್ರದೇಶದ ಬಯಲು

ಅಹ್ಮದ್ ಖಾನ್ ಅವರು ಹುಟ್ಟಿದುದು 1926ರ ಡಿಸೆಂಬರ್ 24ರಂದು, ಬೆಂಗಳೂರಿನಲ್ಲಿ. ಆಗಿನ ಬೆಂಗಳೂರು ಎಂದರೆ ಎರಡು ಊರು. ಒಂದು ಪೇಟೆ, ಇನ್ನೊಂದು ದಂಡು ಪ್ರದೇಶ. ದಂಡಿನಲ್ಲಿ ಆಂಗ್ಲ ಪಡೆಗಳಿದ್ದವು. ಪಡೆಗಳಿದ್ದ ಕಡೆಯಲ್ಲೆಲ್ಲ ಕವಾಯತಿನ ಬಯಲುಗಳಿದ್ದವು. ಸಂಜೆಯಾದೊಡನೆ ಆ ಬಯಲುಗಳಲ್ಲಿ ಸಿಪಾಯಿಗಳು ಚೆಂಡು ಒದೆಯುತ್ತಿದ್ದರು. ಸುತ್ತಲಿನ ಹುಡುಗರು ಬೇಲಿಯ ಹೊರಗೆ ನಿಂತು ನೋಡಿದರು, ನೋಡುತ್ತ ಕಲಿತರು, ಕಲಿತುದನ್ನು ತಮ್ಮ ಬರಿಗಾಲಿಗೆ ಒಗ್ಗಿಸಿಕೊಂಡರು.

ಬೂಟು ಕೊಳ್ಳಲು ಹಣವಿರಲಿಲ್ಲವೆಂಬುದು ಬಹುಮಂದಿಯ ವಿಷಯದಲ್ಲಿ ನಿಜ. ಆದರೆ ಕಾರಣ ಅದೊಂದೇ ಅಲ್ಲ. ಬರಿಗಾಲಿಗೆ ತನ್ನದೇ ಆದ ಒಂದು ವಿದ್ಯೆಯಿತ್ತು. ಆ ಕಾಲದ ಬೂಟು ದಪ್ಪ ತೊಗಲಿನದು. ಗಿಣ್ಣಿನವರೆಗೂ ಕಾಲನ್ನು ಬಿಗಿದುಬಿಡುವಂಥದು. ಅದರಿಂದ ಚೆಂಡನ್ನು ದೂರಕ್ಕೆ ಹೊಡೆಯಬಹುದಾಗಿತ್ತು; ಆದರೆ ಚೆಂಡಿನ ಮೈಯನ್ನು ಅರಿಯುವಂತಿರಲಿಲ್ಲ. ಬರಿಗಾಲಿನವನಿಗೆ ಹೆಬ್ಬೆರಳು, ಪಾದದ ಒಳಬದಿ, ಅಂಗಾಲು ಇವೆಲ್ಲ ಬೇರೆಬೇರೆ ಕೈಗಳಿದ್ದಂತೆ. ಅಂಗಾಲಿನಿಂದ ಚೆಂಡನ್ನು ಹಿಂದಕ್ಕೆ ಎಳೆದು, ಬೆರಳಿನಿಂದ ಪಕ್ಕಕ್ಕೆ ತಳ್ಳಿ, ಎದುರಾಳಿಯ ಭಾರವಾದ ಬೂಟು ಮೇಲೇಳುವಷ್ಟರಲ್ಲಿ ಅವನು ಎರಡು ಹೆಜ್ಜೆ ಮುಂದಿರುತ್ತಿದ್ದನು.

ಈ ವಿದ್ಯೆಯ ಬೆಲೆಯನ್ನು ಭಾರತ ಮೊದಲು ಕಂಡುದು 1911ರಲ್ಲಿ. ಆ ವರ್ಷದ ಜುಲೈ 29ರಂದು ಕಲಕತ್ತೆಯ ಮೋಹನ್ ಬಗಾನ್ ತಂಡ, ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಬರಿಗಾಲಿನಲ್ಲಿಯೇ ಆಡಿ, ಈಸ್ಟ್ ಯಾರ್ಕ್‌ಷೈರ್ ಪಡೆಯ ತಂಡವನ್ನು 2–1ರಿಂದ ಸೋಲಿಸಿ ಐ.ಎಫ್.ಎ. ಷೀಲ್ಡನ್ನು ಗೆದ್ದಿತು. ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಿದ ಆ ಸಂಜೆ ಬರಿಗಾಲಿಗೆ ದೇಶಾಭಿಮಾನದ ಕಳೆಯೂ ಬಂದಿತು.

ಬೆಂಗಳೂರು ಹಿಂದೆ ಬೀಳಲಿಲ್ಲ. 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು ಬಂದ ಮೊತ್ತಮೊದಲ ಭಾರತೀಯ ತಂಡ ನಮ್ಮ ‘ಬೆಂಗಳೂರು ಮುಸ್ಲಿಮ್ಸ್’. ಮರುವರ್ಷವೂ ಆ ಕಪ್ಪು ಅವರದೇ ಆಯಿತು. 1934ರಿಂದ 1938ರವರೆಗೆ ಸತತ ಐದು ಬಾರಿ ಕಲಕತ್ತೆಯ ಲೀಗನ್ನು ಗೆದ್ದ ಮಹಮ್ಮಡನ್ ಸ್ಪೋರ್ಟಿಂಗ್ ತಂಡದಲ್ಲಿಯೂ ಬೆಂಗಳೂರಿನ ಆಟಗಾರರು ಸೇರಿದ್ದರು. ಹತ್ತು ಹನ್ನೊಂದು ವರ್ಷದ ಬಾಲಕ ಅಹ್ಮದರ ಕಿವಿಗೆ ಬಿದ್ದ ವೀರಗಾಥೆಗಳೆಂದರೆ ಇವೇ. ಮನೆಯಲ್ಲಿಯೂ ಆಟದ್ದೇ ಗಾಳಿ, ಸಹೋದರರೂ ಆಟಗಾರರು. ಬೆಂಗಳೂರು ಕ್ರೆಸೆಂಟ್ಸ್ ಮತ್ತು ಬೆಂಗಳೂರು ಮುಸ್ಲಿಮ್ಸ್ ತಂಡಗಳಲ್ಲಿ ಅಹ್ಮದರ ಆಟ ಪಳಗಿತು. 1946–47ರಲ್ಲಿ ಮೈಸೂರು ಸಂಸ್ಥಾನದ ತಂಡ ಸಂತೋಷ್ ಟ್ರೋಫಿಯನ್ನು ಗೆದ್ದು ಬಂಗಾಳದ ಪ್ರಾಬಲ್ಯಕ್ಕೆ ಪೆಟ್ಟು ಕೊಟ್ಟಾಗ, ದೇಶದ ಕಣ್ಣು ಬೆಂಗಳೂರಿನ ಬಯಲುಗಳತ್ತ ಹೊರಳಿತು.

ಲಂಡನ್ನಿನ ಆ ಸಂಜೆ

ಸ್ವಾತಂತ್ರ್ಯ ಬಂದು ವರ್ಷ ತುಂಬುವ ಮೊದಲೇ 1948ರ ಲಂಡನ್ ಒಲಿಂಪಿಕ್ಸ್ ಎದುರಾಯಿತು. ಭಾರತದ ಫುಟ್‌ಬಾಲ್ ತಂಡದ ನಾಯಕರು ನಾಗಾ ನಾಡಿನ ವೈದ್ಯ ತಲಿಮೆರೆನ್ ಆವೋ. ಆ ತಂಡದಲ್ಲಿ 21 ವರ್ಷದ ಅಹ್ಮದರೊಡನೆ ಎಸ್. ರಾಮನ್, ಧನರಾಜ್, ವಜ್ರವೇಲು, ವರದರಾಜ್ ಮೊದಲಾದ ಮೈಸೂರಿನ ಆಟಗಾರರಿದ್ದರು.

ಜುಲೈ 31ರಂದು ಲಂಡನ್ನಿನ ಹೊರವಲಯದ ಇಲ್ಫರ್ಡಿನಲ್ಲಿ ಫ್ರಾನ್ಸಿನೊಡನೆ ಪಂದ್ಯ. ಭಾರತದ ಬಹುಮಂದಿ ಆಟಗಾರರು ಪಾದಕ್ಕೆ ಬಟ್ಟೆಯ ಪಟ್ಟಿ ಸುತ್ತಿಕೊಂಡು ಬರಿಗಾಲಿನಲ್ಲಿ ಇಳಿದುದನ್ನು ಕಂಡು ಜನ ಬೆರಗಾದರು. ಈ ಬಗ್ಗೆ ಕೇಳಿದವರಿಗೆ ನಾಯಕ ಆವೋ ಅವರು, ‘ನಾವು ಆಡುವುದು ಫುಟ್‌ಬಾಲ್, ನೀವು ಆಡುವುದು ಬೂಟ್‌ಬಾಲ್’ ಎಂದು ನಗುತ್ತ ಉತ್ತರವಿತ್ತರೆಂಬ ಮಾತು ಇಂದಿಗೂ ಪ್ರಚಲಿತವಾಗಿದೆ.

ಮೊದಲು ಗೋಲು ಹೊಡೆದವರು ಫ್ರೆಂಚರು. ಎಪ್ಪತ್ತನೆಯ ನಿಮಿಷದಲ್ಲಿ ಬೆಂಗಳೂರಿನ ರಾಮನ್ ಅದನ್ನು ಸರಿಗಟ್ಟಿದರು. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ ಫುಟ್‌ಬಾಲಿನಲ್ಲಿ ದೊರೆತ ಮೊದಲ ಗೋಲು ಅದು. ಅದನ್ನು ಹೊಡೆದ ಕಾಲು ಕನ್ನಡ ನಾಡಿನದು. ಆದರೆ ಎರಡು ಪೆನಾಲ್ಟಿ ಅವಕಾಶಗಳನ್ನು ನಮ್ಮವರು ಕಳೆದುಕೊಂಡರು. ಇನ್ನು ಒಂದೇ ನಿಮಿಷ ಉಳಿದಿದೆ ಎನ್ನುವಾಗ ಫ್ರಾನ್ಸ್ ಎರಡನೆಯ ಗೋಲು ಹೊಡೆದು 2–1ರಿಂದ ಗೆದ್ದುಕೊಂಡಿತು.

ಆ ಕೊನೆಯ ನಿಮಿಷದ ಗೋಲನ್ನು ವಿಧಿಯ ಆಟವೆಂದು ಎಷ್ಟೋ ಮಂದಿ ಬರೆದಿದ್ದಾರೆ. ವಿಧಿಗಿಂತ ಸರಳವಾದ ಕಾರಣವೊಂದಿತ್ತು. ಆಗ ನಮ್ಮ ದೇಶದ ಪಂದ್ಯಗಳು ನಡೆಯುತ್ತಿದ್ದುದು 70 ನಿಮಿಷ; ಒಲಿಂಪಿಕ್ ಪಂದ್ಯ 90 ನಿಮಿಷ. ಉಳಿದ ಇಪ್ಪತ್ತು ನಿಮಿಷಗಳನ್ನು ಓಡುವ ಅಭ್ಯಾಸವನ್ನು ನಮ್ಮ ಹುಡುಗರಿಗೆ ಯಾರೂ ಮಾಡಿಸಿರಲಿಲ್ಲ. ಸೋತುದು ಪಾದವಲ್ಲ, ಉಸಿರು. ಈ ಮಾತನ್ನು ನೆನಪಿನಲ್ಲಿಡಬೇಕು. ಅಹ್ಮದ್ ಖಾನ್ ಅವರ ಬಾಳಿನಲ್ಲಿ ಇದು ಮತ್ತೆ ಮತ್ತೆ ಎದುರಾಗುತ್ತದೆ.

ಐವರು ಪಾಂಡವರು

ಲಂಡನ್ನಿನಿಂದ ಮರಳಿದ ಅಹ್ಮದರನ್ನು ಕಲಕತ್ತೆ ಕೈಬೀಸಿ ಕರೆಯಿತು. ಅಲ್ಲಿನ ಈಸ್ಟ್ ಬೆಂಗಾಲ್ ಕ್ಲಬ್ಬಿನ ಕಾರ್ಯದರ್ಶಿ ಜ್ಯೋತಿಷ್ ಚಂದ್ರ ಗುಹರು ದಕ್ಷಿಣ ಭಾರತದಿಂದ ಆರಿಸಿ ತಂದ ಆಟಗಾರರಿಂದ ಒಂದು ಮುನ್ಪಡೆಯನ್ನು ಕಟ್ಟಿದ್ದರು. ಆಗಿನ ಪದ್ಧತಿಯಂತೆ ಮುನ್ಪಡೆಯಲ್ಲಿ ಐದು ಮಂದಿ. ಬಲ ಅಂಚಿನಲ್ಲಿ ವೆಂಕಟೇಶ್, ಅವರ ಒಳಬದಿಗೆ ಆಂಧ್ರದ ಅಪ್ಪಾರಾವ್, ನಡುವೆ ಬೆಂಗಳೂರಿನ ಧನರಾಜ್, ಎಡ ಅಂಚಿನಲ್ಲಿ ಕೇರಳದ ಸಾಲೆ. ಸಾಲೆ ಮತ್ತು ಧನರಾಜರ ನಡುವೆ, ‘ಇನ್‌ಸೈಡ್ ಲೆಫ್ಟ್’ ಎಂಬ ಸ್ಥಾನದಲ್ಲಿ ಅಹ್ಮದ್ ಖಾನ್. ಈ ಐವರನ್ನು ಕಲಕತ್ತೆಯ ಜನ ‘ಪಂಚಪಾಂಡವರು’ ಎಂದು ಕರೆದರು.

ಆ ಹೆಸರಿನ ಹಿಂದಿನ ಹೃದಯವನ್ನು ಅರಿಯಬೇಕಾದರೆ ಆ ಕಾಲದ ಕಲಕತ್ತೆಯನ್ನು ಕಣ್ಣೆದುರು ತಂದುಕೊಳ್ಳಬೇಕು. 1947ರ ವಿಭಜನೆಯ ಬಳಿಕ ಪೂರ್ವ ಬಂಗಾಳದಿಂದ ಮನೆಮಠ ಕಳೆದುಕೊಂಡ ಲಕ್ಷಾಂತರ ಮಂದಿ ಆ ನಗರಕ್ಕೆ ಬಂದು ಸೇರಿದ್ದರು. ನಿಲ್ದಾಣಗಳಲ್ಲಿ, ಶಿಬಿರಗಳಲ್ಲಿ ದಿನ ತಳ್ಳುತ್ತಿದ್ದ ಅವರಿಗೆ ತಮ್ಮದೆಂದು ಹೇಳಿಕೊಳ್ಳಲು ಉಳಿದಿದ್ದುದು ಅತಿ ಕಡಿಮೆ. ಬಿಟ್ಟುಬಂದ ಊರಿನ ಹೆಸರನ್ನು ಹೊತ್ತ ಈ ಕ್ಲಬ್ಬು, ಅದರ ಕೆಂಪು ಬಂಗಾರದ ಅಂಗಿ, ಅವುಗಳಲ್ಲಿ ಒಂದು. ಆ ಅಂಗಿಯನ್ನು ತೊಟ್ಟು ಅವರ ಮಾನವನ್ನು ಮೈದಾನದಲ್ಲಿ ಕಾಯ್ದ ಐವರಲ್ಲಿ ಒಬ್ಬನೂ ಬಂಗಾಳಿಯಲ್ಲ. ಐವರಲ್ಲಿ ಇಬ್ಬರು ಮುಸಲ್ಮಾನರು. ಧರ್ಮದ ಹೆಸರಿನಲ್ಲಿ ನಾಡು ಒಡೆದು, ಗಾಯ ಇನ್ನೂ ಹಸಿಯಾಗಿದ್ದಾಗ, ನಿರಾಶ್ರಿತರ ಬಾಯಲ್ಲಿ ಅಹ್ಮದ್ ಖಾನ್ ಒಬ್ಬ ಪಾಂಡವರಾದರು! ಆ ಹೆಸರನ್ನು ಯಾವ ಸಮಿತಿಯೂ ಠರಾವು ಮಾಡಿ ಕೊಟ್ಟುದಲ್ಲ. ಗೋಲು ಹೊಡೆದ ಕಾಲಿನ ಜಾತಿಯನ್ನು ಮೈದಾನ ಕೇಳಲಿಲ್ಲ, ಅಷ್ಟೆ.

1949ರಲ್ಲಿ ಈಸ್ಟ್ ಬೆಂಗಾಲ್ ಒಂದೇ ವರ್ಷದಲ್ಲಿ ಕಲಕತ್ತೆಯ ಲೀಗ್, ಐ.ಎಫ್.ಎ. ಷೀಲ್ಡ್ ಮತ್ತು ರೋವರ್ಸ್ ಕಪ್ಪುಗಳನ್ನು ಗೆದ್ದುಕೊಂಡಿತು. ಷೀಲ್ಡಂತೂ 1949, 1950, 1951 ಹೀಗೆ ಮೂರು ವರ್ಷ ಕೈಬಿಟ್ಟು ಹೋಗಲಿಲ್ಲ. 1951 ಮತ್ತು 1952ರಲ್ಲಿ ದಿಲ್ಲಿಯ ಡ್ಯೂರಾಂಡ್ ಕಪ್ಪೂ ಬಂದಿತು.

ಅಹ್ಮದರ ಪಾತ್ರ ಗೋಲು ಹೊಡೆಯುವುದಕ್ಕಿಂತ ಗೋಲಿಗೆ ದಾರಿ ತೆರೆಯುವುದೇ ಆಗಿದ್ದಿತು. ಚೆಂಡು ಬಂದೊಡನೆ ಅವರು ಓಡುತ್ತಿರಲಿಲ್ಲ. ಎದುರಾಳಿ ಹತ್ತಿರ ಬರಲೆಂದು ಕಾಯುತ್ತಿದ್ದರು. ಸೊಂಟ ಎಡಕ್ಕೆ ಬಳುಕುವುದು. ಎದುರಾಳಿ ಎಡಕ್ಕೆ ವಾಲುವನು. ಚೆಂಡು ಬಲಕ್ಕೆ ಹೊರಟುಹೋಗಿರುವುದು. ಒಬ್ಬನನ್ನು ದಾಟಿದ ಮೇಲೆ ಇನ್ನೊಬ್ಬ ತಾನಾಗಿಯೇ ಎದುರು ಬರುವನು. ಆಗ ಧನರಾಜರೋ ಸಾಲೆಯವರೋ ಯಾರ ಕಾವಲೂ ಇಲ್ಲದೆ ಗೋಲಿನ ಮುಂದೆ ನಿಂತಿರುವರು. ಈ ಆಟಕ್ಕೆ ಬಲ ಬೇಕಿಲ್ಲ. ತಾಳ್ಮೆ ಬೇಕು, ಎದುರಿನವನ ಮನಸ್ಸನ್ನು ಓದುವ ಕಣ್ಣು ಬೇಕು.

ಹೋಗದ ವಿಶ್ವಕಪ್ಪು

ಅಹ್ಮದರು ಹೀಗೆ ತುಂಬು ಯೌವನದಲ್ಲಿ ಮೆರೆಯುತ್ತಿದ್ದಾಗ 1950ರ ವಿಶ್ವಕಪ್ಪು ಬ್ರೆಜಿಲ್ ದೇಶದಲ್ಲಿ ಏರ್ಪಟ್ಟಿತು. ಅರ್ಹತಾ ಸುತ್ತಿನ ಎದುರಾಳಿಗಳು ಹಿಂದೆ ಸರಿದುದರಿಂದ ಭಾರತಕ್ಕೆ ಆಡದೆಯೇ ಸ್ಥಾನ ದೊರೆಯಿತು. ಇಟಲಿ, ಸ್ವೀಡನ್, ಪರಾಗ್ವೇ ದೇಶಗಳಿದ್ದ ಗುಂಪಿನಲ್ಲಿ ನಮ್ಮ ಹೆಸರೂ ಸೇರಿತು. ಆದರೆ ತಂಡ ಹೊರಡಲೇ ಇಲ್ಲ.

ಬರಿಗಾಲಿನಲ್ಲಿ ಆಡಬಾರದೆಂದು ಅಂತರರಾಷ್ಟ್ರೀಯ ಸಂಸ್ಥೆ ತಡೆದುದರಿಂದ ನಮ್ಮವರು ಹೋಗಲಿಲ್ಲವೆಂಬ ಕಥೆ ಮನೆಮನೆಯಲ್ಲಿಯೂ ಹಬ್ಬಿದೆ. ಕೇಳಲು ಸೊಗಸಾಗಿದ್ದರೂ ಅದು ಕಥೆಯೇ. ಅಭ್ಯಾಸಕ್ಕೆ ಸಮಯ ಸಾಲದು, ತಂಡದ ಆಯ್ಕೆಯಲ್ಲಿ ಒಮ್ಮತವಿಲ್ಲ ಎಂಬುವೇ ಫೆಡರೇಷನ್ನಿನವರು ಮುಂದಿಟ್ಟ ಕಾರಣಗಳು. ಅದಕ್ಕಿಂತ ಮಿಗಿಲಾಗಿ, ಆ ದಿನಗಳಲ್ಲಿ ನಮ್ಮ ಆಡಳಿತಗಾರರ ಕಣ್ಣಿಗೆ ಒಲಿಂಪಿಕ್ಸ್ ಒಂದೇ ದೊಡ್ಡದಾಗಿ ಕಾಣುತ್ತಿತ್ತು. ವಿಶ್ವಕಪ್ಪಿನ ಮಹತ್ವ ಹೊಳೆಯಲಿಲ್ಲ. ಬರಿಗಾಲಿನ ಮೇಲೆ ಹೊರಿಸಿದ ಆ ಅಪವಾದ ವಾಸ್ತವವಾಗಿ ಕಚೇರಿಯ ಮೇಜಿಗೆ ಸೇರಬೇಕಾದುದು. ಅಂದಿನಿಂದ ಇಂದಿನವರೆಗೆ ಭಾರತದ ಪುರುಷರ ತಂಡ ವಿಶ್ವಕಪ್ಪಿನ ಅಂತಿಮ ಸುತ್ತಿನಲ್ಲಿ ಒಮ್ಮೆಯೂ ಆಡಿಲ್ಲ. 23 ವರ್ಷದ ಅಹ್ಮದ್ ಖಾನ್ ಲೋಕದ ಅತಿ ದೊಡ್ಡ ರಂಗವನ್ನು ಕಳೆದುಕೊಂಡುದು ತಮ್ಮ ಕಾಲಿನ ತಪ್ಪಿನಿಂದಲ್ಲ.

ಮರುವರ್ಷ ಒಂದು ಸಮಾಧಾನ ದೊರೆಯಿತು. 1951ರ ಮಾರ್ಚ್ ತಿಂಗಳಲ್ಲಿ ದಿಲ್ಲಿಯಲ್ಲಿ ನಡೆದ ಪ್ರಥಮ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಭಾರತ ಇರಾನನ್ನು ಮೇವಾಲಾಲರ ಏಕೈಕ ಗೋಲಿನಿಂದ ಸೋಲಿಸಿ ಚಿನ್ನ ಗೆದ್ದಿತು. ಸೈಲೇನ್ ಮನ್ನಾ ನಾಯಕರಾಗಿ, ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರು ಶಿಕ್ಷಕರಾಗಿದ್ದ ಆ ತಂಡದಲ್ಲಿ ಅಹ್ಮದ್ ಖಾನರೂ ಇದ್ದರು.

ಹೆಲ್ಸಿಂಕಿಯ ಚಳಿ

1952ರ ಜುಲೈ 15. ಫಿನ್ಲೆಂಡಿನ ಹೆಲ್ಸಿಂಕಿ ನಗರ. ಎದುರಾಳಿ ಯುಗೊಸ್ಲಾವಿಯ, ಹಿಂದಿನ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದ ತಂಡ, ಈ ಸಲವೂ ಬೆಳ್ಳಿ ಗೆಲ್ಲಲಿದ್ದ ತಂಡ. ಉತ್ತರ ದೇಶದ ಆ ತಣ್ಣನೆಯ ಹುಲ್ಲಿನ ಮೇಲೆ ನಮ್ಮ ಹಲವರು ಬರಿಗಾಲಿನಲ್ಲಿ ನಿಂತರು. ಬೆಂಗಳೂರಿನ ಬಿಸಿ ಧೂಳಿನಲ್ಲಿ ಜೀವಂತವಾಗಿದ್ದ ಬೆರಳುಗಳು ಚಳಿಯಲ್ಲಿ ಮರಗಟ್ಟಿದರೆ ಏನಾದೀತು? ಆ ಕಾಲದ ತೊಗಲಿನ ಚೆಂಡು ಒಣಗಿದ್ದಾಗ 14ರಿಂದ 16 ಔನ್ಸ್ ತೂಗುವುದು. ತೇವ ಹೀರಿದರೆ ಕಲ್ಲಿನಂತಾಗುವುದು. ಅದಕ್ಕೂ ಮಿಗಿಲಾಗಿ ಯುಗೊಸ್ಲಾವರ ಆಟ ಇನ್ನೊಂದು ಶಾಲೆಯದು. ಅವರ ವೇಗ, ಅವರ ಜಾಗ ಬದಲಾವಣೆ, ಅವರ ದೂರದ ಹೊಡೆತ ಇವನ್ನು ನಮ್ಮವರು ಅದುವರೆಗೆ ಎದುರಿಸಿರಲೇ ಇಲ್ಲ.

ಗೋಲಿನ ಮೇಲೆ ಗೋಲು ಬಿದ್ದಿತು. ಜೆಬೆಕ್ ಎಂಬವರೊಬ್ಬರೇ ನಾಲ್ಕು ಗೋಲು ಹೊಡೆದರು. ಹತ್ತು ಗೋಲುಗಳಾದವು. ಇನ್ನೇನು ಸೀಟಿ ಊದಬೇಕು ಎನ್ನುವಾಗ, ಎಂಬತ್ತೊಂಬತ್ತನೆಯ ನಿಮಿಷದಲ್ಲಿ, ಅಹ್ಮದ್ ಖಾನ್ ಚೆಂಡನ್ನು ಯುಗೊಸ್ಲಾವಿಯದ ಬಲೆಗೆ ಸೇರಿಸಿದರು. ಅಂತಿಮ ಎಣಿಕೆ 10–1.

ನಾಲ್ಕು ವರ್ಷದ ಹಿಂದೆ ಇದೇ ಎಂಬತ್ತೊಂಬತ್ತನೆಯ ನಿಮಿಷದಲ್ಲಿ ಫ್ರಾನ್ಸ್ ನಮ್ಮನ್ನು ಸೋಲಿಸಿದ್ದಿತು. ಈ ಬಾರಿ ಅದೇ ನಿಮಿಷದ ಗೋಲು ನಮ್ಮದು. ಆದರೆ ಅದರಿಂದ ಪಂದ್ಯದ ಗತಿಯೇನೂ ಬದಲಾಗಲಿಲ್ಲ. ಆದರೂ ಆ ಗೋಲನ್ನು ತಿರಸ್ಕರಿಸುವಂತಿಲ್ಲ. ಹತ್ತು ಗೋಲುಗಳಿಂದ ಹಿಂದೆ ಬಿದ್ದು, ಎಲ್ಲವೂ ಮುಗಿದಿರುವಾಗ, ಇನ್ನೊಂದು ಸಲ ಚೆಂಡನ್ನು ಬೆನ್ನಟ್ಟಿ ಹೋಗುವ ಮನಸ್ಸು ಎಲ್ಲರಿಗೂ ಇರುವುದಿಲ್ಲ. ದಾಖಲೆಯ ಪುಟದಲ್ಲಿ ‘10’ರ ಮುಂದೆ ಇರುವ ಆ ‘1’ ಎಂಬ ಅಂಕೆ ಒಬ್ಬ ಬೆಂಗಳೂರಿಗರ ಹಟದ ಗುರುತು.

ಈ ಸೋಲಿನ ಬಳಿಕ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಬೂಟನ್ನು ಕಡ್ಡಾಯ ಮಾಡಿತು. ಬರಿಗಾಲಿನ ಯುಗ ಮುಗಿಯಿತು.

ಹಾಗಾದರೆ ಬೂಟೇ ಎಲ್ಲವನ್ನೂ ಸರಿಪಡಿಸಿತೇ? 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ, ಬೂಟು ತೊಟ್ಟ ಭಾರತ ತಂಡ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿ ನಾಲ್ಕನೆಯ ಸ್ಥಾನಕ್ಕೇರಿತು. ಬೆಂಗಳೂರಿನ ಕೆಂಪಯ್ಯ ಆ ತಂಡದಲ್ಲಿದ್ದರು. ಅಲ್ಲಿ ಎದುರಾದುದು ಅದೇ ಯುಗೊಸ್ಲಾವಿಯ. ಮೊದಲ ಗೋಲು ಹೊಡೆದವರು ನಮ್ಮವರು. ಕೊನೆಗೆ ಸೋತುದು 4–1ರಿಂದ. ಹತ್ತು ನಾಲ್ಕಕ್ಕೆ ಇಳಿಯಲು ಬೂಟು ಕಾರಣವೆನ್ನುವುದು ಅರ್ಧ ಸತ್ಯ. ಉಳಿದರ್ಧ ಶಿಕ್ಷಕ ರಹೀಮರದು. ಅವರು ತಂಡಕ್ಕೆ ಕ್ರಮ ಕಲಿಸಿದರು, ಉಸಿರು ಕಲಿಸಿದರು. ಕಾಲಿಗೆ ಬೂಟು ಕೊಟ್ಟದ್ದಕ್ಕಿಂತ ಆಟಕ್ಕೆ ಒಬ್ಬ ಗುರುವನ್ನು ಕೊಟ್ಟದ್ದು ದೊಡ್ಡದು.

ಅಹ್ಮದ್ ಖಾನ್ ಮೆಲ್ಬರ್ನಿಗೆ ಹೋಗಲಿಲ್ಲ. ಬೂಟು ಕಡ್ಡಾಯವಾದ ಮೇಲೆಯೂ ಈಸ್ಟ್ ಬೆಂಗಾಲಿನಲ್ಲಿ ಅವರ ಆಟ ಮುಂದುವರಿಯಿತು. ಸುಮಾರು ಒಂದು ದಶಕ ಅದೇ ಕ್ಲಬ್ಬಿನಲ್ಲಿ ಆಡಿ, ಕೊನೆಗೆ ಅವರು ಹುಟ್ಟೂರಿಗೆ ಹಿಂದಿರುಗಿದರು.

ಒಂದು ಹಿಮದ್ವೀಪದ ಹೋಲಿಕೆ

ಇಲ್ಲಿ ಒಂದು ಹೋಲಿಕೆಯನ್ನು ವಾಚಕರ ಮುಂದಿಡಬೇಕೆನಿಸುತ್ತದೆ. ಅಹ್ಮದರು ಬೆಂಗಳೂರಿನ ಬಯಲಿನಲ್ಲಿ ಆಡುತ್ತಿದ್ದ ಕಾಲದಲ್ಲಿಯೇ, ಉತ್ತರ ಸಾಗರದ ಐಸ್ಲೆಂಡ್ ದ್ವೀಪದಲ್ಲಿ ಅವರಿಗಿಂತ ಮೂರು ವರ್ಷ ಹಿರಿಯರಾದ ಆಲ್ಬರ್ಟ್ ಗುಡ್ಮುಂಡ್ಸನ್ ಎಂಬ ಯುವಕರಿದ್ದರು. 1950ರ ಸುಮಾರಿಗೆ ಆ ದೇಶದ ಜನಸಂಖ್ಯೆ ಒಂದೂವರೆ ಲಕ್ಷವೂ ಇರಲಿಲ್ಲ. ಆಗಿನ ಕೊಡಗಿಗಿಂತ ಕಡಿಮೆ. ವ್ಯಾಪಾರದ ವಿದ್ಯೆ ಕಲಿಯಲೆಂದು ಗ್ಲಾಸ್ಗೋಗೆ ಹೋದ ಆಲ್ಬರ್ಟರು ಅಲ್ಲಿ ರೇಂಜರ್ಸ್ ತಂಡಕ್ಕೆ ಆಡಿದರು. ಬಳಿಕ ಲಂಡನ್ನಿನ ಆರ್ಸೆನಲ್, ಫ್ರಾನ್ಸಿನ ನಾನ್ಸಿ, ಇಟಲಿಯ ಮಿಲಾನ್, ಮತ್ತೆ ಪ್ಯಾರಿಸ್ ಹೀಗೆ ಯುರೋಪಿನ ಹೆಸರಾಂತ ತಂಡಗಳಲ್ಲಿ ಆಡಿ ಐಸ್ಲೆಂಡಿನ ಪ್ರಥಮ ವೃತ್ತಿಪರ ಆಟಗಾರರೆನಿಸಿದರು. ಊರಿಗೆ ಮರಳಿದ ಮೇಲೆ ದೇಶದ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರಾದರು, 1980ರಲ್ಲಿ ರಾಷ್ಟ್ರಾಧ್ಯಕ್ಷ ಪದವಿಗೆ ಸ್ಪರ್ಧಿಸಿ ಸೋತರು, 1983ರಲ್ಲಿ ಅರ್ಥಮಂತ್ರಿಗಳಾದರು. 1994ರಲ್ಲಿ ಅವರು ತೀರಿಕೊಂಡರು.

ಇಬ್ಬರಲ್ಲಿ ಯಾರ ಕಾಲು ಮೇಲೆಂದು ತೂಗುವ ತಕ್ಕಡಿ ನಮ್ಮಲ್ಲಿಲ್ಲ. ಆದರೆ ಒಬ್ಬರ ಮುಂದೆ ಏಣಿಯಿತ್ತು, ಇನ್ನೊಬ್ಬರ ಮುಂದೆ ಇರಲಿಲ್ಲ ಎಂಬುದು ಸ್ಪಷ್ಟ. ಒಬ್ಬರು ಆಟದಿಂದಲೇ ಜೀವಿಸುವ ವೃತ್ತಿಯನ್ನು ಕಂಡರು. ಇನ್ನೊಬ್ಬರ ದೇಶದಲ್ಲಿ ಆಟವೆಂದರೆ ಹವ್ಯಾಸ, ಹೊಟ್ಟೆಪಾಡು ಬೇರೆ. ಒಬ್ಬರ ಅನುಭವವನ್ನು ಅವರ ನಾಡು ಆಟದ ಆಡಳಿತಕ್ಕೆ ಬಳಸಿಕೊಂಡಿತು. ನಮ್ಮಲ್ಲಿ ಅರ್ಜುನ ಪ್ರಶಸ್ತಿ ಆರಂಭವಾದುದೇ 1961ರಲ್ಲಿ. ಅಷ್ಟರಲ್ಲಿ ಅಹ್ಮದರ ಆಟದ ದಿನಗಳು ಮುಗಿದಿದ್ದವು.

ಆ ಹಿಮದ್ವೀಪದ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಚಳಿಗಾಲದಲ್ಲಿ ಆಡಲಾಗದೆಂದು ಕೈಕಟ್ಟಿ ಕೂರದೆ, 2000ದಿಂದ ಈಚೆಗೆ ಅವರು ಮಾಡು ಹೊದಿಸಿದ ಮೈದಾನಗಳನ್ನು ಕಟ್ಟಿದರು. ಎಳೆಯ ಮಕ್ಕಳಿಗೂ ತರಬೇತಿ ಪಡೆದ ಶಿಕ್ಷಕರನ್ನೇ ಇಟ್ಟರು. ಫಲವಾಗಿ 2016ರ ಯುರೋಪಿಯನ್ ಪಂದ್ಯಾವಳಿಯಲ್ಲಿ ಇಂಗ್ಲೆಂಡನ್ನು 2–1ರಿಂದ ಸೋಲಿಸಿ ಎಂಟರ ಹಂತಕ್ಕೇರಿದರು. 2018ರಲ್ಲಿ ವಿಶ್ವಕಪ್ಪನ್ನೂ ಆಡಿದರು. ಅಲ್ಲಿಯವರೆಗೆ ಅಷ್ಟು ಕಡಿಮೆ ಜನರಿರುವ ಯಾವ ದೇಶವೂ ಆ ಅಂತಿಮ ಸುತ್ತಿನಲ್ಲಿ ಆಡಿರಲಿಲ್ಲ. ಆಗ ಅವರ ಜನಸಂಖ್ಯೆ ಸುಮಾರು ಮೂರೂವರೆ ಲಕ್ಷ. 2011ರ ಗಣತಿಯಂತೆ ನಮ್ಮ ಕೊಡಗು ಒಂದರಲ್ಲಿಯೇ ಐದೂವರೆ ಲಕ್ಷ ಮಂದಿಯಿದ್ದಾರೆ!

ಬದುವಿನ ಮೇಲಿನ ಬೂಟು

ಅಹ್ಮದ್ ಖಾನ್ 2017ರ ಆಗಸ್ಟ್ 27ರಂದು, 90ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿಯೇ ಕಣ್ಮುಚ್ಚಿದರು. ಅವರು ಹೋದ ಆರನೆಯ ವರ್ಷ, 2023ರ ಮಾರ್ಚ್ ತಿಂಗಳಲ್ಲಿ, ಕರ್ನಾಟಕ ತಂಡ ಸೌದಿ ಅರೇಬಿಯದ ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. 1968–69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಗೆದ್ದ ಮೇಲೆ ಆ ಕಪ್ಪು ಮತ್ತೆ ನಮ್ಮ ನಾಡಿಗೆ ಬರಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು.

ಬೆಂಗಳೂರಿನ ಹಲಸೂರಿನ ಬಳಿಯ ಗೌತಮಪುರದಲ್ಲಿ ಇಂದಿಗೂ ಕಾಲ್ಚೆಂಡಿನ ಹುಚ್ಚು ಇಳಿದಿಲ್ಲ. ಅಲ್ಲಿ ಬ್ರೆಜಿಲ್ ದೇಶದ ಪೆಲೆಯವರ ವಿಗ್ರಹವನ್ನು ನಿಲ್ಲಿಸಿ ಗೌರವಿಸಿದ್ದಾರೆ. ದೂರದ ಕಲಾವಿದನಿಗೆ ಕೈಮುಗಿಯುವುದು ಒಳ್ಳೆಯ ಸಂಸ್ಕಾರವೇ. ಹತ್ತಿರದವರ ಹೆಸರನ್ನು ಮಕ್ಕಳಿಗೆ ಹೇಳಿಕೊಡುವುದೂ ಅಷ್ಟೇ ಒಳ್ಳೆಯ ಸಂಸ್ಕಾರ.

ಅಹ್ಮದರ ಬರಿಗಾಲನ್ನು ಎರಡು ಬಗೆಯಲ್ಲಿ ತಪ್ಪಾಗಿ ತಿಳಿಯಬಹುದು. ಬಡತನದ ಗುರುತೆಂದು ಮರುಗಿ ಮರೆತುಬಿಡುವುದು ಒಂದು. ಬರಿಗಾಲೇ ನಮ್ಮ ಹೆಮ್ಮೆಯೆಂದು ಹಾಡಿ ಹೊಗಳಿ ಸುಮ್ಮನಾಗುವುದು ಇನ್ನೊಂದು. ಆ ಕಾಲು ಕಲಿತ ವಿದ್ಯೆ ಅಪ್ಪಟವಾದುದು. ಅದಕ್ಕೆ ದೊರೆಯದೆ ಹೋದುದು ತೊಂಬತ್ತು ನಿಮಿಷದ ಅಭ್ಯಾಸ, ಚಿಕ್ಕಂದಿನಿಂದ ಒಬ್ಬ ಗುರು, ಹೊರಗಿನ ಆಟವನ್ನು ಕಾಣುವ ಅವಕಾಶ, ದುಡಿಮೆಯಾಗಿ ನಿಲ್ಲುವ ಒಂದು ವೃತ್ತಿ. ಹಾಕಿಗೆ ಕೊಡಗಿನಲ್ಲಿ ಅಂಥ ಏಣಿಯೊಂದುಂಟು. ಹಾರಂಗಿಯಿಂದ ಕೂಗಳತೆಯಲ್ಲೆನ್ನಬಹುದಾದ ಕೂಡಿಗೆಯಲ್ಲಿ ಸರಕಾರದ ಕ್ರೀಡಾಶಾಲೆಯಿದೆ. ಅಲ್ಲಿ ಕೋಲು ಹಿಡಿದ ಮಗುವಿಗೆ ಮುಂದಿನ ಮೆಟ್ಟಿಲು ಕಣ್ಣಿಗೆ ಕಾಣುತ್ತದೆ. ಚೆಂಡನ್ನು ಕಾಲಿನಿಂದ ಆಡಿಸುವ ಮಗುವಿಗೂ ಅಂಥ ಮೆಟ್ಟಿಲು ಕಾಣಬೇಕು.

ಸಂಜೆಯಾಗುತ್ತಿದ್ದಂತೆ ಗದ್ದೆಯ ಆಟ ಮುಗಿಯುತ್ತದೆ. ಹುಡುಗರು ಕಾಲುವೆಯ ನೀರಿನಲ್ಲಿ ಕೆಸರು ತೊಳೆದುಕೊಂಡು ಬದುವಿಗೆ ಬರುತ್ತಾರೆ. ‘ಭಲೆ’ ಎನ್ನಿಸಿಕೊಂಡ ಆ ಹುಡುಗ ಒದ್ದೆ ಪಾದವನ್ನು ಅಂಗಿಯ ತುದಿಯಿಂದ ಒರೆಸಿ, ತನ್ನ ಸವೆದ ಬೂಟಿನೊಳಗೆ ತೂರಿಸುತ್ತಾನೆ. ಅಹ್ಮದ್ ಖಾನರಿಗೆ ಆ ವಯಸ್ಸಿನಲ್ಲಿ ಇಲ್ಲದ ಬೂಟು ಅವನಿಗಿದೆ. ಅವರಿಗೆ ಇಲ್ಲದೆ ಹೋದ ಉಳಿದವೆಲ್ಲ ಅವನಿಗೆ ದೊರೆಯುವುವೇ ಎಂಬುದಕ್ಕೆ ಉತ್ತರ ಕೊಡಬೇಕಾದವರು ಬದುವಿನ ಮೇಲೆ ನಿಂತು ‘ಭಲೆ’ ಎಂದವರು, ಎಂದರೆ ನಾವು.